ತಂದೆಯ ಸಂಬಳವೂ ಮಗುವಿನ ಔಷಧವೂ

ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ವೈದ್ಯದ ವೆಚ್ಚವು ಬಹು ಭಾರವಾದದರಿಂದ ವಿಮೆಯಿಲ್ಲದವರು ಆಸ್ಪತ್ರೆಯ ಮೆಟ್ಟಲು ಹತ್ತಲು ಅಂಜುತ್ತಾರೆ. ಕಡುಬಡವರಿಗೋಸ್ಕರ 1965ರಿಂದ ಮೆಡಿಕೇಡ್ ಎಂಬ ಸರಕಾರದ ಏರ್ಪಾಡು ಉಂಟು. ಆದರೆ ಅಷ್ಟು ಬಡವರೂ ಅಲ್ಲದೆ, ವಿಮೆಯನ್ನು ಕೊಳ್ಳುವಷ್ಟು ಅನುಕೂಲಸ್ಥರೂ ಅಲ್ಲದೆ ನಡುವೆ ಸಿಕ್ಕಿಕೊಂಡವರ ಮಕ್ಕಳ ಗತಿ ಏನು? ಇವರಿಗೋಸ್ಕರ 1997ರಲ್ಲಿ ಬೇರೊಂದು ಸರಕಾರೀ ವಿಮೆಯು ಸ್ಥಾಪಿತವಾಯಿತು.

ಅದನ್ನು ಇನ್ನೂ ಹೆಚ್ಚು ಮಕ್ಕಳಿಗೆ ವಿಸ್ತರಿಸಬೇಕೆಂದು 2007ರಲ್ಲಿ ಅಲ್ಲಿಯ ಶಾಸನಸಭೆಯು ಗೊತ್ತುಮಾಡಿದಾಗ ಅಧ್ಯಕ್ಷರಾದ ಬುಷ್‌ರವರು ಎರಡು ಸಾರಿ ತಡೆದರು. ಅವರ ವಾದವು ತಿರಸ್ಕರಿಸತಕ್ಕದ್ದಲ್ಲ. ಸರಕಾರವು ಕೈನೀಡಿದರೆ, ಸ್ವಂತ ಖರ್ಚಿನಿಂದಲೋ ಧಣಿಗಳ ಸಹಾಯದಿಂದಲೋ ವಿಮೆಯುಳ್ಳವರೂ ಅದನ್ನು ಬಿಟ್ಟು ಬರುವರೆಂದು ಅವರು ಹೇಳಿದರು. ಸ್ವಲ್ಪಮಟ್ಟಿಗೆ ಹಾಗೆ ನಡೆಯುವದು ನಿಜವೇ. ಮಕ್ಕಳ ಪೋಷಣೆಯು ಮೊದಲು ತಂದೆತಾಯಿಗಳ ಕರ್ತವ್ಯ. ಅದನ್ನು ಪರರ ಮೇಲೆ ಹೊರಿಸುವವರನ್ನು ನಾವೂ ಹೊಗಳುವದಿಲ್ಲ.

ಆದರೆ ಇದನ್ನು ತಡೆಯಲು ಹಲವು ಸಂಸ್ಥಾನಗಳು ಹಿಡಿದ ಉಪಾಯವನ್ನು ನೋಡಿರಿ. ಹಳೇ ವಿಮೆಯನ್ನು ಬಿಟ್ಟ ಮನೆಯ ಮಗುವು ಕೆಲವು ತಿಂಗಳು ಯಾವ ವಿಮೆಯೂ ಇಲ್ಲದೆ ಕಾದ ಮೇಲೆಯೇ ಹೊಸದಕ್ಕೆ ಸೇರಬೇಕಾಗಿತ್ತು. ಲೆಕ್ಕ ಹಾಕಿದವನು ತಂದೆ, ಅಥವಾ ಖರ್ಚು ಉಳಿಸಿಕೊಂಡ ಧಣಿ. ಕಾಯುವದು ಮಾತ್ರ ಮಗು! ಹಿರಿಯರನ್ನು ನೆಟ್ಟಗೆ ನಡಿಸುವದಕ್ಕೋಸ್ಕರ ಕಿರಿಯರ ದೇಹವನ್ನು ಒತ್ತೆಯಿಡುವದು ನ್ಯಾಯವೆಂದು ನಮಗೆ ತೋರುವದಿಲ್ಲ. ಅನುಕೂಲವಿದ್ದ ತಂದೆಯಿಂದ ಆದಾಯಕ್ಕೆ ತಕ್ಕ ಕಂತನ್ನು ತೆಗೆದುಕೊಳ್ಳಬಹುದಷ್ಟೆ. ಅನೇಕ ಸಂಸ್ಥಾನಗಳು ಅದನ್ನೂ ಮಾಡಿದವು.

ಕೆಲವು ತಿಂಗಳು ಅಲ್ಪವಲ್ಲವೇ ಎಂದು ಯಾರಾದರೂ ಕೇಳಾರು. ಅದೇ 2007ರಲ್ಲಿ ಮೇರಿಲ್ಯಾಂಡಿನಲ್ಲಿ 12 ವರುಷದ ಹುಡುಗನೊಬ್ಬನು ಸತ್ತನು. ಅವನು ಈ ನಿಯಮಕ್ಕೆ ಸಿಕ್ಕಿದವನಲ್ಲ. ಅವನ ಮನೆಯವರ ಮೆಡಿಕೇಡ್ ನಡುವೆ ನಿಂತುಹೋಗಿತ್ತು. ಹುಳುಕುಹಲ್ಲಿನ ಕೀವು ಮಿದುಳಿಗೇರಿತು. ಹಲ್ಲು ಕೀಳಿಸಲು 80 ಡಾಲರ್ ಸಾಕಾಗುತ್ತಿತ್ತೆಂದೂ ಆಸ್ಪತ್ರೆಯ ವೆಚ್ಚವು ಎರಡೂವರೆ ಲಕ್ಷವನ್ನು ಮುಟ್ಟಬಹುದೆಂದೂ ಆಗಿನ ಪತ್ರಿಕೆಗಳು ಬರೆದವು. ಹಣವಾದರೂ ಉಳಿಯಿತೋ?

2009ನೇ ಫೆಬ್ರವರಿ 4ರಂದು ಅಧ್ಯಕ್ಷ ಒಬಾಮರವರು ರುಜುಹಾಕಿದ ಕಾಯಿದೆಯಿಂದ ವಿಮೆಯು ವಿಸ್ತಾರವಾಯಿತು. ಹಲ್ಲಿನ ಚಿಕಿತ್ಸೆಯೂ ಅದರೊಳಗೆ ಸೇರಿತು. ಹಣಕ್ಕಾಗಿ ಸಿಗರೇಟಿನ ಪೊಟ್ಟಣದ ತೆರಿಗೆಯನ್ನು 39 ಸೆಂಟಿನಿಂದ 1 ಡಾಲರ್ 1 ಸೆಂಟಿಗೆ ಏರಿಸಿದರು. (ಸೇದುವವರು ಕಡಿಮೆಯಾದಷ್ಟೂ ಮಕ್ಕಳ ನಿಧಿಯು ಬತ್ತುವದೆಂಬದು ವಿಚಿತ್ರವೇ ಸರಿ.) ಆದರೆ ಕಾಯಿಸುವ ಪದ್ಧತಿಯು ಆಗ ಹೋಗಲಿಲ್ಲ. ಅದನ್ನು ಪೂರಾ ನಿಷೇಧಿಸುವ ನಿಯಮವು ಹೊರಟದ್ದು 2024ರಲ್ಲಿ. 1997ರಲ್ಲಿ ತೊಟ್ಟಿಲಲ್ಲಿದ್ದ ಕೂಸಿಗೆ ಅಷ್ಟರಲ್ಲಿ 27 ವರುಷವಾಗಿತ್ತು.