ಬಯಲ ಚಿತ್ರ, ದಾಸೋಹದ ಗೋಡೆ

ಬಯಲಿನಲ್ಲಿ ಕುಳಿತು ಕಾಡು, ಕಡಲು, ಬೆಟ್ಟಗಳನ್ನು ಚಿತ್ರಿಸುವ ಕೆಲಸವನ್ನು ಧ್ಯಾನವೆಂದು ಕರೆಯುವುದು ರೂಢಿಯಾಗಿದೆ. ಆದರೆ ಅದೇ ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಕೆಳಗೆ ಹೆಸರು ಬರೆದು, ಬೆಲೆ ಕಟ್ಟಿ, ಗ್ಯಾಲರಿಯ ಗೋಡೆಗೆ ತೂಗುಹಾಕಿದ ಮೇಲೆ ಆ ಧ್ಯಾನ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಗೀತೆಯ ನಿಷ್ಕಾಮಕರ್ಮ, ಅಂದರೆ ಫಲದ ಹಂಬಲವಿಲ್ಲದ ಕರ್ಮ ಎಂಬ ತತ್ತ್ವ, ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. ಅದು ಮಾಡುವವನ ಮನಸ್ಸನ್ನು ತಿದ್ದುತ್ತದೆಯೇ ಹೊರತು ನೋಡಲು ಬರುವವರಿಗೆ ಅಲ್ಲಿ ಸ್ಥಾನವಿಲ್ಲ. ಆ ಸ್ಥಾನ ಶರಣರ ಚಿಂತನೆಯಲ್ಲಿ ಸಿಗುತ್ತದೆ.

ಮುಂಬಯಿಯ ಘಾಟ್ಕೋಪರಿನ ಪೂರ್ವಕ್ಕೆ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಆಚೆ, ಠಾಣೆ ಖಾಡಿಯ ಕಾಂಡ್ಲಾ ಕಾಡು ಹಬ್ಬಿದೆ; ನೆಲದೊಳಗೆ ಚಾಚಿದ ಕಡಲಿನ ತೋಳನ್ನು ಮುಂಬಯಿಯವರು ಖಾಡಿ ಎನ್ನುತ್ತಾರೆ. ಈ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಳಿತದ ಹೊತ್ತಿನಲ್ಲಿ ಇಲ್ಲಿನ ಕೆಸರಿನಿಂದ ಪೆನ್ಸಿಲ್ ಗಾತ್ರದ ಉಸಿರುಬೇರುಗಳು ಸಾವಿರಗಟ್ಟಲೆ ನೆಟ್ಟಗೆ ಎದ್ದು ನಿಲ್ಲುತ್ತವೆ. ಜಲವರ್ಣದಲ್ಲಿ ಅವುಗಳನ್ನು ಹಿಡಿಯಲು ಕುಳಿತವನಿಗೆ, ಉಪ್ಪುಗಾಳಿಯಲ್ಲಿ ಮೊದಲ ಬಣ್ಣ ಒಣಗುವುದರೊಳಗೆ ಭರತದ ನೀರು ಮರಳಿ ಬಂದು ಬೇರುಗಳನ್ನು ಒಂದೊಂದಾಗಿ ಮುಚ್ಚತೊಡಗಿರುತ್ತದೆ; ನೋಡಿದ್ದು ಕಣ್ಣೆದುರಿಗಿಲ್ಲ, ಬರೆದದ್ದು ಇನ್ನೂ ಹಸಿ.

ಶರಣರು ನಿಂತುದನ್ನು ಸ್ಥಾವರವೆಂದೂ ಚಲಿಸುವುದನ್ನು ಜಂಗಮವೆಂದೂ ಕರೆದು ಜಂಗಮವನ್ನೇ ಹಿರಿದೆಂದು ಬಗೆದರು. ಚಿತ್ರವು ಸ್ಥಾವರ, ಖಾಡಿಯು ಜಂಗಮ ಎಂದು ಗೆರೆ ಎಳೆದುಬಿಡುವುದು ಸುಲಭ. ಆದರೆ ಸಾಂಪ್ರದಾಯಿಕ ಜಲವರ್ಣದ ಕ್ರಮವನ್ನು ಹತ್ತಿರದಿಂದ ನೋಡಿದರೆ ಆ ಗೆರೆ ನಿಲ್ಲುವುದಿಲ್ಲ. ಅಲ್ಲಿ ಬಿಳಿಯ ಬಣ್ಣವನ್ನು ಬಳಿಯುವುದಿಲ್ಲ, ಕೆಸರಿನ ಮೇಲಿನ ಬಿಸಿಲಿನ ಹೊಳಪನ್ನು ತೋರಿಸಬೇಕಾದ ಜಾಗದಲ್ಲಿ ಕುಂಚವನ್ನು ತಡೆದು ಕಾಗದವನ್ನು ಹಾಗೆಯೇ ಬಿಡುತ್ತಾರೆ. ಅಲ್ಲಮಪ್ರಭು ಬಯಲು ಎಂದು ಕರೆದ, ಯಾವ ಆಕಾರಕ್ಕೂ ಸಿಗದ ನೆಲೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗುವುದು ಕಷ್ಟ: ಚಿತ್ರದಲ್ಲಿ ಬೆಳಕಾಗಿ ಕಾಣುವುದು ಚಿತ್ರಕಾರ ಮುಟ್ಟದೆ ಬಿಟ್ಟ ಭಾಗ.

ಹೀಗೆ ತನ್ನದಲ್ಲದ ಬೆಳಕನ್ನು ಹೊತ್ತ ಕಾಗದವನ್ನು ಮನೆಯಲ್ಲೇ ಮುಚ್ಚಿಡುವುದು ವೈರಾಗ್ಯವೆನಿಸಿಕೊಳ್ಳದು. ದುಡಿಮೆಯನ್ನೇ ಪೂಜೆಯಾಗಿಸುವುದು ಕಾಯಕವಾದರೆ, ದುಡಿದದ್ದನ್ನು ಕೊಟ್ಟೆನೆಂಬ ಭಾವವಿಲ್ಲದೆ ಸಮುದಾಯಕ್ಕೆ ಸಲ್ಲಿಸುವುದು ದಾಸೋಹ. ದಾಸೋಹವಿಲ್ಲದ ಕಾಯಕ ಅರ್ಧಕ್ಕೆ ನಿಂತಂತೆ. ಪ್ರದರ್ಶನವನ್ನು ಈ ದೃಷ್ಟಿಯಿಂದ ನೋಡಬೇಕು. ಬೆಲೆಯ ಚೀಟಿಯಿಂದ ದಾಸೋಹ ಕೆಡುವುದಿಲ್ಲ, ಏಕೆಂದರೆ ಚಿತ್ರಕಾರನೂ ಉಣ್ಣಬೇಕು, ಶರಣರು ಯಾರೂ ಹಸಿದು ಕಾಯಕ ಮಾಡಿರೆಂದು ಹೇಳಲಿಲ್ಲ; ಅದು ಕೆಡುವುದು ಸುಳ್ಳಿನಿಂದ. ಕೊಳ್ಳುವವರ ಕಣ್ಣು ಸೆಳೆಯಲೆಂದು, ಹಕ್ಕಿಗಳೇ ಇರದಿದ್ದ ಮಳೆಗಾಲದ ಖಾಡಿಗೆ ಮನೆಯಲ್ಲಿ ಕುಳಿತು ಗುಲಾಬಿ ಫ್ಲೆಮಿಂಗೊಗಳನ್ನು ಸೇರಿಸಿ, ಸ್ಥಳದಲ್ಲೇ ಬರೆದದ್ದೆಂದು ತೋರಿಸುವವನು ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ.

ಚಿತ್ರಗಳನ್ನು ಹೀಗೆ ಜನರೆದುರಿಗಿಡುವ ನೆಲೆಯೊಂದನ್ನು ಮುಂಬಯಿಗೆ ಒದಗಿಸಿದವರಲ್ಲಿ ಕನ್ನಡ ನಾಡಿನವರೊಬ್ಬರಿದ್ದಾರೆ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಕೆ.ಕೆ. ಹೆಬ್ಬಾರರು ಮತ್ತು ವಿಜ್ಞಾನಿ ಹೋಮಿ ಭಾಭಾ ಒತ್ತಾಯಿಸಿದ್ದರಿಂದ ಸರ್ ಕಾವಸ್‌ಜಿ ಜಹಾಂಗೀರರು ಕಟ್ಟಿಸಿದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಕಾಲಾ ಘೋಡಾದಲ್ಲಿದೆ. ಘಾಟ್ಕೋಪರಿನಿಂದ ಸೆಂಟ್ರಲ್ ಲೈನಿನ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದವರು ಅಲ್ಲಿಗೆ ನಡೆದೇ ಹೋಗಬಹುದು. ಒಳಗೆ ಹೋಗಲು ಟಿಕೆಟ್ ಇಲ್ಲ.