ಲಗ್ನಪತ್ರಿಕೆಯಲ್ಲಿ ತಾಯಿಯ ಹೆಸರು

ಗ್ರಂಥವನ್ನು ಬರೆಯದ ಮನೆಗಳುಂಟು. ಲಗ್ನಪತ್ರಿಕೆಯನ್ನು ಬರೆಯದ ಮನೆಗಳು ವಿರಳ. ಕಥೆಗೂ ಕವಿತೆಗೂ ಎಂದೂ ಕೈಹಾಕದ ಗೃಹಸ್ಥನು ಸಹ ಮಗಳ ಮದುವೆ ನಿಶ್ಚಯವಾದೊಡನೆ ಕಾಗದ ಲೇಖನಿಗಳನ್ನು ಹಿಡಿದು ಕುಳಿತುಕೊಳ್ಳುತ್ತಾನೆ. ಹತ್ತು ಸಾಲಿನ ಆ ಬರಹವನ್ನು ಮನೆಯ ಹಿರಿಯರೆಲ್ಲರೂ ತಿದ್ದುತ್ತಾರೆ. ಪುರೋಹಿತರು ಸಂವತ್ಸರ, ಮಾಸ, ತಿಥಿ, ಲಗ್ನಗಳನ್ನು ನೋಡಿಕೊಡುತ್ತಾರೆ. ಅಚ್ಚುಕೂಟದವರು ಹಳೆಯ ಮಾದರಿಯೊಂದನ್ನು ಮುಂದಿಡುತ್ತಾರೆ. ಇಷ್ಟು ಜನರ ಕೈದಾಟಿ ಬಂದ ಪತ್ರಿಕೆಯನ್ನು ಪಡೆದವರು ಮುಹೂರ್ತವನ್ನೂ ಸ್ಥಳವನ್ನೂ ನೋಡಿಕೊಂಡು ಪಕ್ಕಕ್ಕಿಡುವುದೇ ಹೆಚ್ಚು. ಆದರೂ ಅದರ ಒಂದೊಂದು ಪದದ ಹಿಂದೆಯೂ ಒಂದು ನಿರ್ಣಯವಿರುತ್ತದೆ. ಕೆಲವು ವೇಳೆ ಆ ನಿರ್ಣಯವು ಕೇವಲ ಮರ್ಯಾದೆಯ ವಿಷಯವಾಗಿರದೆ ಧರ್ಮಾಧರ್ಮಗಳ ವಿಷಯವಾಗಿರುತ್ತದೆ.

ಪತ್ರಿಕೆಯ ಕಟ್ಟು ಎಲ್ಲರಿಗೂ ಪರಿಚಿತವಾದುದೇ. ತಲೆಯಲ್ಲಿ ಶ್ರೀಕಾರ, ಅದರ ಕೆಳಗೆ ಮನೆದೇವರ ಹೆಸರು. ಬಳಿಕ ಶಾಲಿವಾಹನ ಶಕದ ಗಣನೆ, ಅದರೊಡನೆ ಇಂಗ್ಲಿಷ್ ತಾರೀಖು. ವರನ ಹೆಸರಿಗೆ ಮೊದಲು “ಚಿ|| ರಾ||”, ವಧುವಿನ ಹೆಸರಿಗೆ ಮೊದಲು “ಚಿ|| ಸೌ||”. ಗುರುಹಿರಿಯರು ನಿಶ್ಚಯಿಸಿರುವರೆಂಬ ಮಾತು. ಸಕುಟುಂಬ ಸಪರಿವಾರರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕೆಂಬ ಬಿನ್ನಹ. ಕೊನೆಯಲ್ಲಿ ಕರೆಯುವವರ ಹೆಸರು. ಇವುಗಳಲ್ಲಿ ಬರುವ ಸಂಕ್ಷೇಪಾಕ್ಷರಗಳು ನೋಡಲು ಚಿಕ್ಕವು. ಆದರೆ ಮನುಷ್ಯರನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವ ಕೆಲಸವನ್ನು ಅವು ಸದ್ದಿಲ್ಲದೆ ಮಾಡುತ್ತವೆ. ಗಂಡನುಳ್ಳವಳು “ಸೌ||”. ತೀರಿಹೋದವನು “ದಿ||”, ವೀರಶೈವರ ಮನೆಗಳಲ್ಲಾದರೆ “ಲಿಂ||”. ಗಂಡನನ್ನು ಕಳೆದುಕೊಂಡವಳಿಗೆ ಮರಾಠಿಯ ರೂಢಿಯಲ್ಲಿ “ಗಂ. ಭಾ.”, ಎಂದರೆ ಗಂಗಾ ಭಾಗೀರಥಿ, ಎಂಬ ಬೇರೊಂದು ಗುರುತೇ ಇದೆ.

ತಂದೆಯಿಲ್ಲದ ಹೆಣ್ಣಿನ ಮದುವೆಯಲ್ಲಿ ಈ ಕಟ್ಟಿನ ಇಕ್ಕಟ್ಟು ಹೊರಬೀಳುತ್ತದೆ. ತಂದೆ ತೀರಿಹೋಗಿ ಹಲವು ವರ್ಷಗಳಾಗಿವೆ. ತಾಯಿಯೊಬ್ಬಳೇ ಪಾಠ ಹೇಳಿಯೋ, ಹೊಲಿಗೆ ಹಾಕಿಯೋ, ಇದ್ದ ಅಲ್ಪಸ್ವಲ್ಪ ಭೂಮಿಯನ್ನು ಕಾಪಾಡಿಕೊಂಡೋ ಮಗಳನ್ನು ಬೆಳೆಸಿದ್ದಾಳೆ, ಓದಿಸಿದ್ದಾಳೆ, ಸಂಬಂಧವನ್ನು ಹುಡುಕಿದ್ದಾಳೆ, ಮದುವೆಯ ಸಾಲಕ್ಕೆ ತಾನೇ ರುಜು ಹಾಕಿದ್ದಾಳೆ. ಪತ್ರಿಕೆ ಅಚ್ಚಾಗಿ ಬಂದಾಗ ವಧುವು “ದಿ|| ಇಂಥವರ ಪುತ್ರಿ”; ಕರೆಯುವವರು ಆಕೆಯ ಚಿಕ್ಕಪ್ಪ ಚಿಕ್ಕಮ್ಮಂದಿರು. ತಾಯಿಯ ಹೆಸರು ಎಲ್ಲಿಯೂ ಇಲ್ಲ. ತೀರಿಹೋದವನ ಹೆಸರು ಮಂಗಳಪತ್ರದಲ್ಲಿ ನಿಲ್ಲಬಹುದು, ಬದುಕಿ ದುಡಿದವಳ ಹೆಸರು ನಿಲ್ಲಬಾರದು ಎಂದಂತಾಯಿತು. ಹಿಂದೆ ಇದು ಬಹು ಮನೆಗಳ ಪದ್ಧತಿಯಾಗಿತ್ತು. ಈಗ ತಾಯಿಯ ಹೆಸರನ್ನೇ ಮೊದಲಿಗೆ ಅಚ್ಚುಹಾಕಿಸುವ ಮನೆಗಳು ಹಲವಿದ್ದರೂ ಹಳೆಯ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ. ಅದು ನ್ಯಾಯವೇ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಈ ಪದ್ಧತಿಯ ಪರವಾಗಿ ಹೇಳುವವರ ಮಾತನ್ನೂ ಸಾವಧಾನವಾಗಿ ಕೇಳಬೇಕು. ಅವರು ಮೂರು ಕಾರಣಗಳನ್ನು ಕೊಡುತ್ತಾರೆ. ಲಗ್ನಪತ್ರಿಕೆಯು ಮಂಗಳಕಾರ್ಯದ ಮೊದಲ ಹೆಜ್ಜೆ. ಅರಿಶಿನ ಕುಂಕುಮಗಳನ್ನಿಟ್ಟು ದೇವರ ಮುಂದಿರಿಸುವ ಕಾಗದದಲ್ಲಿ ವೈಧವ್ಯದ ನೆನಪು ಬರಬಾರದೆಂಬುದು ಮೊದಲನೆಯದು. ಧಾರೆಯೆರೆದು ಕೊಡುವುದಕ್ಕೆ ದಂಪತಿಗಳು ಬೇಕು. ಯಾರು ಧಾರೆಯೆರೆಯುವರೋ ಅವರೇ ಕರೆಯತಕ್ಕವರು ಎಂಬುದು ಎರಡನೆಯದು. ತಾಯಿಯೇ ತನ್ನ ಹೆಸರು ಬೇಡವೆನ್ನುತ್ತಾಳೆ, ಅವಳ ಇಷ್ಟವನ್ನು ಮೀರುವುದು ಹೇಗೆ ಎಂಬುದು ಮೂರನೆಯದು.

ಮೊದಲನೆಯ ಕಾರಣಕ್ಕೆ ಪತ್ರಿಕೆಯೇ ಉತ್ತರ ಕೊಡುತ್ತದೆ. ಮರಣದ ನೆನಪು ಬರಬಾರದೆಂಬುದೇ ಉದ್ದೇಶವಾಗಿದ್ದರೆ “ದಿ||” ಎಂಬ ಅಕ್ಷರವೂ ಇರಬಾರದಾಗಿತ್ತು. ಅದು ಇದೆ, ಇರುವುದು ಉಚಿತವೂ ಹೌದು. ಮಗಳ ಮದುವೆಯ ದಿನ ಇಲ್ಲದ ತಂದೆಯನ್ನು ಯಾರು ತಾನೆ ಮರೆಯುವರು? ಹಾಗಾದ ಮೇಲೆ ಅಮಂಗಳವೆಂದು ಬಿಟ್ಟದ್ದು ಮರಣವನ್ನಲ್ಲ, ಆ ಮರಣವನ್ನು ಸಹಿಸಿ ಸಂಸಾರವನ್ನು ನಡೆಸಿದವಳನ್ನು. ಮಂಗಳವೆಂದರೆ ಕ್ಷೇಮ. ಆ ಹೆಣ್ಣಿಗೆ ತಾಯಿಗಿಂತ ಹೆಚ್ಚಾಗಿ ಕ್ಷೇಮವನ್ನು ಕೋರಿದವರು ಮತ್ತಾರೂ ಇಲ್ಲ.

ಎರಡನೆಯ ಕಾರಣದಲ್ಲಿ ಎರಡು ಬೇರೆ ಕೆಲಸಗಳು ಬೆರೆತುಹೋಗಿವೆ. ಧಾರೆಯೆರೆಯುವುದು ಒಂದು ಸಂಸ್ಕಾರದ ಅಂಗ. ಅತಿಥಿಗಳನ್ನು ಕರೆಯುವುದು ಮನೆಯ ಯಜಮಾನಿಕೆಯ ಮಾತು. ಶಾಸ್ತ್ರವನ್ನು ನೋಡುವವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಕನ್ಯೆಯನ್ನು ಕೊಡುವ ಅಧಿಕಾರವು ಯಾರಿಗೆ ಎಂಬುದನ್ನು ಯಾಜ್ಞವಲ್ಕ್ಯ ಸ್ಮೃತಿ ಕ್ರಮವಾಗಿ ಎಣಿಸುತ್ತದೆ: ತಂದೆ, ಪಿತಾಮಹ, ಸೋದರ, ಸಕುಲ್ಯ, ತಾಯಿ, ಹಿಂದಿನವರು ಇಲ್ಲದಾಗ ಮುಂದಿನವರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಯ ಮೇಲೆಯೇ. ಹೀಗಾಗಿ ಕರ್ನಾಟಕಕ್ಕೆ ಇದು ದೂರದ ಗ್ರಂಥವಲ್ಲ. ತಾಯಿಯನ್ನು ಕೊನೆಯಲ್ಲಿ ಇಟ್ಟಿರುವುದು ಇಂದಿನವರಿಗೆ ಹಿತವಾಗದು. ಆದರೆ ತಂದೆಯಿಲ್ಲದಾಗಲೇ ತಾಯಿಯ ಸರದಿ ಬರುವುದರಿಂದ, ಅಲ್ಲಿ ಹೇಳಿರುವ ತಾಯಿ ಸಾಮಾನ್ಯವಾಗಿ ವಿಧವೆಯೇ ಆಗಿರಬೇಕಷ್ಟೆ. ಆಕೆಗೆ ಕನ್ಯೆಯನ್ನು ಕೊಡುವ ಅಧಿಕಾರವನ್ನೇ ಸ್ಮೃತಿಕಾರನು ಒಪ್ಪಿರುವಾಗ, ಕರೆಯುವ ಕಾಗದದಲ್ಲಿ ಆಕೆಯ ಹೆಸರು ದೋಷವೆನ್ನುವುದು ಶಾಸ್ತ್ರದ ಮಾತಾಗಲಾರದು; ಅದು ಬರಿಯ ಲೋಕರೂಢಿ.

ಕಾಲ ಕಳೆದಂತೆ ಕಾನೂನು ಆಕೆಯನ್ನು ಮುಂದಕ್ಕೆ ತಂದಿತು. 1955ರ ಹಿಂದೂ ವಿವಾಹ ಕಾಯಿದೆಯು ಅಪ್ರಾಪ್ತ ವಧುವಿನ ವಿವಾಹಕ್ಕೆ ಒಪ್ಪಿಗೆ ಕೊಡತಕ್ಕ ಪೋಷಕರನ್ನು ಎಣಿಸುವಾಗ ತಂದೆಯ ತರುವಾಯ ತಾಯಿಯನ್ನೇ ಹೇಳಿತು. ಪಿತಾಮಹ, ಸೋದರ, ಚಿಕ್ಕಪ್ಪಂದಿರೆಲ್ಲರೂ ಆಕೆಯ ಅನಂತರದವರಾದರು. 1978ರಲ್ಲಿ ವಿವಾಹಕ್ಕೆ ವಧುವಿಗೆ 18, ವರನಿಗೆ 21 ವರ್ಷಗಳು ತುಂಬಿರಬೇಕೆಂದು ವಿಧಿಸಿದಾಗ, ಆ ಪಟ್ಟಿಗೇ ಕೆಲಸವಿಲ್ಲದಂತಾಗಿ ಅದನ್ನು ತೆಗೆದುಹಾಕಲಾಯಿತು. ಇಂದು ಮದುವೆಯಾಗುವವರು ಸ್ವತಂತ್ರ ವ್ಯಕ್ತಿಗಳು; ಅವರೇ ತಮ್ಮ ಹೆಸರಿನಲ್ಲಿ ಕರೆದರೂ ತಪ್ಪಿಲ್ಲ. ಹೀಗಿರುವಾಗ ಹಿರಿಯರ ಹೆಸರು ಪತ್ರಿಕೆಯಲ್ಲಿ ಬರುವುದು ಅಧಿಕಾರದ ಬಲದಿಂದಲ್ಲ, ವಾತ್ಸಲ್ಯದ ಮತ್ತು ಕೃತಜ್ಞತೆಯ ಬಲದಿಂದ. ಆ ಬಲದಿಂದ ನೋಡಿದರೆ ತಾಯಿಯ ಹಕ್ಕು ಯಾರಿಗೂ ಎರಡನೆಯದಲ್ಲ.

ಮೂರನೆಯ ಕಾರಣವೇ ಕಠಿನವಾದುದು. ತಾಯಿಯೇ ಬೇಡವೆಂದರೆ ಏನು ಮಾಡಬೇಕು? ಆ “ಬೇಡ” ಎಂಬ ಮಾತು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಹತ್ತು ಜನ ನೆಂಟರ ನಡುವೆ ಕೇಳಿದರೆ ಯಾವ ತಾಯಿಯಾದರೂ ಬೇಡವೆಂದೇ ಹೇಳುವಳು. ಮಗಳಿಗೆ ನಾಳೆ ಏನಾದರೂ ತೊಂದರೆಯಾದರೆ ತನ್ನ ಹೆಸರಿನಿಂದಲೇ ಆಯಿತೆಂದಾರು ಎಂಬ ಭಯ, ಬೀಗರ ಮನೆಯವರು ಮೂಗು ಮುರಿದಾರು ಎಂಬ ಅಂಜಿಕೆ, ಮೈದುನನ ಉಪಕಾರದ ಭಾರ, ಇವೆಲ್ಲವೂ ಸೇರಿ ಆ ಮಾತನ್ನು ಆಡಿಸುತ್ತವೆ. ಭಯದಿಂದ ಹುಟ್ಟಿದ ಒಪ್ಪಿಗೆಯನ್ನು ಇಷ್ಟವೆಂದು ಕರೆಯುವುದು ಕೇಳಿದವರಿಗೆ ಅನುಕೂಲ, ಹೇಳಿದವಳಿಗೆ ನ್ಯಾಯವಲ್ಲ. ಆದುದರಿಂದ ಮಗಳೋ ಮಗನೋ ಏಕಾಂತದಲ್ಲಿ ಇನ್ನೊಮ್ಮೆ ಕೇಳಬೇಕು; ಬರೆದ ಕರಡನ್ನು ಆಕೆಯ ಕೈಗೇ ಕೊಡಬೇಕು. ಆಗಲೂ ಆಕೆ ನಿಶ್ಚಿಂತೆಯಿಂದ ಬೇಡವೆಂದರೆ ಆ ಮಾತನ್ನು ನಡೆಸಬೇಕು. ಸುಧಾರಣೆಯ ಹೆಸರಿನಲ್ಲಿ ಆಕೆಯ ಮನಸ್ಸನ್ನು ಕಡೆಗಣಿಸುವುದು, ಸಂಪ್ರದಾಯದ ಹೆಸರಿನಲ್ಲಿ ಆಕೆಯ ಹೆಸರನ್ನು ಕಡೆಗಣಿಸಿದುದಕ್ಕಿಂತ ಉತ್ತಮವೇನೂ ಅಲ್ಲ.

ಇಲ್ಲಿ ಒಂದು ಸಂದೇಹ ಬರಬಹುದು. ಪತ್ರಿಕೆಯು ಮನೆಯ ಚರಿತ್ರೆಯಲ್ಲ. ಎಲ್ಲವನ್ನೂ ಅದರಲ್ಲಿ ಹೇಳಲಾಗುವುದಿಲ್ಲ. ಹೇಳದೆ ಬಿಟ್ಟದ್ದೆಲ್ಲ ಸುಳ್ಳೂ ಅಲ್ಲ. ನಿಜ. ಸತ್ಯವನ್ನೂ ಪ್ರಿಯವನ್ನೂ ನುಡಿಯಬೇಕು, ಸತ್ಯವಾದರೂ ಅಪ್ರಿಯವನ್ನು ನುಡಿಯಬಾರದು, ಪ್ರಿಯವಾದರೂ ಅಸತ್ಯವನ್ನು ನುಡಿಯಬಾರದು ಎಂಬುದು ಮನುಸ್ಮೃತಿಯ ಪ್ರಸಿದ್ಧವಾದ ವಿಧಿ. ಮನೆಯ ಸಾಲ, ಹಳೆಯ ಜಗಳ, ಮುರಿದುಹೋದ ಸಂಬಂಧ, ಇವುಗಳ ವಿಷಯದಲ್ಲಿ ಪತ್ರಿಕೆ ಮೌನವಾಗಿದ್ದರೆ ಅದು ಆ ವಿಧಿಗೆ ಸರಿಯಾದ ಮೌನ; ಅದರಿಂದ ಒಬ್ಬರ ಮಾನ ಉಳಿಯುತ್ತದೆ. ತಾಯಿಯ ಹೆಸರನ್ನು ಬಿಟ್ಟ ಮೌನದಿಂದ ಒಬ್ಬಳ ಮಾನ ಹೋಗುತ್ತದೆ. ಕಾಪಾಡುವ ಮೌನ ಬೇರೆ, ಅಳಿಸುವ ಮೌನ ಬೇರೆ. ಯಾರನ್ನು ಕುರಿತು ಮೌನವಾಗಿರುವೆವೋ ಅವರ ಎದುರಿನಲ್ಲಿಯೇ ಪತ್ರಿಕೆಯನ್ನು ಗಟ್ಟಿಯಾಗಿ ಓದಲು ಸಾಧ್ಯವೇ ಎಂದು ಕೇಳಿಕೊಂಡರೆ ಎರಡರ ಅಂತರ ತಾನಾಗಿ ತಿಳಿಯುತ್ತದೆ.

ಪತ್ರಿಕೆಯ ಇತರ ಮಾತುಗಳಿಗೂ ಇದೇ ಒರೆಗಲ್ಲು. “ಆಶೀರ್ವಾದವೇ ಉಡುಗೊರೆ” ಎಂದು ಅಚ್ಚುಹಾಕಿಸುವುದು ಒಳ್ಳೆಯದು. ಆದರೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು ಒಳಮನೆಯಲ್ಲಿ ಮುರಿದು, ಹೊರಗಿನ ಅತಿಥಿಯ ಕಿರುಗಾಣಿಕೆಯನ್ನು ಬೇಡವೆನ್ನುವ ವರನ ತಂದೆ ಆ ಸಾಲನ್ನು ಬೀಗರ ಮುಂದೆ ಗಟ್ಟಿಯಾಗಿ ಓದಬಲ್ಲನೆ? ಸತ್ಯವನ್ನು ನುಡಿದರೆ ನೆಂಟರು ಮುನಿಯುವರೆಂಬ ಭಯವೂ ಅಷ್ಟೇನೂ ದೃಢವಾದುದಲ್ಲ. 2020ರಲ್ಲಿ ಕೊರೋನಾ ಸಾಂಕ್ರಾಮಿಕದ ಕಾರಣ ಮದುವೆಗೆ 50 ಮಂದಿಗಿಂತ ಹೆಚ್ಚು ಅತಿಥಿಗಳು ಸೇರಬಾರದೆಂಬ ನಿಬಂಧನೆ ಬಂದಾಗ, ಇದ್ದಲ್ಲಿಂದಲೇ ಹರಸಬೇಕೆಂದು ಎಷ್ಟೋ ಮನೆಗಳವರು ಬರೆದರು. ಬಂಧುಗಳು ಅದನ್ನು ಅರ್ಥಮಾಡಿಕೊಂಡು ಹರಸಿದರು. ವಿನಯದಿಂದ ಹೇಳಿದ ನಿಜವನ್ನು ಸಹಿಸುವ ಶಕ್ತಿ ಜನರಲ್ಲಿ ಇದೆ.

ಹಾಗಾದರೆ ತಂದೆಯಿಲ್ಲದ ಮನೆಯ ಪತ್ರಿಕೆಯನ್ನು ಹೇಗೆ ಬರೆಯಬೇಕು? ಮಾರ್ಗವು ಕಷ್ಟದ್ದಲ್ಲ. “ದಿವಂಗತ ಇಂಥವರ ಮತ್ತು ನನ್ನ ಮಗಳಾದ ಚಿ|| ಸೌ|| ಇಂಥವಳ ವಿವಾಹವನ್ನು ನಿಶ್ಚಯಿಸಲಾಗಿದೆ, ತಾವು ಬಂದು ಹರಸಬೇಕು” ಎಂದು ಬರೆದು, ಕರೆಯುವವರ ಸ್ಥಾನದಲ್ಲಿ ತಾಯಿಯ ಹೆಸರನ್ನು “ಶ್ರೀಮತಿ” ಎಂದು ಕಾಣಿಸಿದರೆ ಸಾಕು. ಆ ಪದವು ಎಲ್ಲ ಸ್ತ್ರೀಯರಿಗೂ ಸಲ್ಲುವುದರಿಂದ ಆಕೆಯ ದುಃಖಕ್ಕೆ ಬೇರೆ ಗುರುತು ಬೇಕಾಗುವುದಿಲ್ಲ. ಚಿಕ್ಕಪ್ಪ ಚಿಕ್ಕಮ್ಮಂದಿರು ಧಾರೆಯೆರೆಯುವುದಾದರೆ ಅದರ ಕೆಳಗೆ “ಧಾರೆಯೆರೆದು ಕೊಡುವವರು” ಎಂದು ಅವರ ಹೆಸರನ್ನೂ ಗೌರವದಿಂದ ಅಚ್ಚುಹಾಕಿಸಬೇಕು. ಅಣ್ಣನ ಮಗಳ ಭಾರವನ್ನು ಹೊತ್ತ ತಮ್ಮನಿಗೆ ಸಲ್ಲತಕ್ಕ ಮನ್ನಣೆಯನ್ನು ತಪ್ಪಿಸುವುದೂ ಅನ್ಯಾಯವೇ. ಹೀಗೆ ಬರೆದ ಪತ್ರಿಕೆಯಲ್ಲಿ ಯಾರ ಕೆಲಸ ಯಾರದೋ ಅದು ಅವರದಾಗಿಯೇ ಉಳಿಯುತ್ತದೆ. ಯಾರೂ ಇನ್ನೊಬ್ಬರ ಸ್ಥಾನದಲ್ಲಿ ನಿಲ್ಲಬೇಕಾಗುವುದಿಲ್ಲ.

ಮದುವೆ ಕಳೆದ ಮೇಲೆ ಚಪ್ಪರ ಬಿಚ್ಚುತ್ತದೆ, ಅಡಿಗೆಯ ರುಚಿ ಮರೆತುಹೋಗುತ್ತದೆ. ಪತ್ರಿಕೆಯ ಒಂದು ಪ್ರತಿ ಮಾತ್ರ ಪೆಟ್ಟಿಗೆಯ ತಳದಲ್ಲಿಯೋ ಪುಸ್ತಕದ ನಡುವೆಯೋ ಉಳಿದಿರುತ್ತದೆ. ಮುಂದೊಂದು ದಿನ ಮೊಮ್ಮಗಳು ಅದನ್ನು ತೆಗೆದು ಓದಿ, “ಅಜ್ಜಿ, ಇದರಲ್ಲಿ ನಿನ್ನ ಹೆಸರು ಎಲ್ಲಿದೆ?” ಎಂದು ಕೇಳಬಹುದು. ಆ ಪ್ರಶ್ನೆಗೆ ಅಜ್ಜಿಯು ಬೆರಳಿಟ್ಟು ತೋರಿಸುವಂತಿರಬೇಕು.