ಕೊಳಗ ಯಾರ ಕೈಯಲ್ಲಿ?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸ್ಫೋಟಿಸಿದ ಜಗಳ ಮೊದಲಿಗೆ ಭೂಮಿಯದಾಗಿರಲಿಲ್ಲ, ಕೊಳಗದ್ದಾಗಿತ್ತು. ದೀವರ ಗೇಣಿದಾರರು ಒಕ್ಕಲು ಮುಗಿಸಿ ಒಡೆಯರಿಗೆ ಗೇಣಿ ಭತ್ತ ಅಳೆಯಬೇಕು. ಅಳೆಯುವ ಕೊಳಗ ಮಾತ್ರ ಒಡೆಯರ ಮನೆಯದು. ಆ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಎಂಬುದು ಅಳೆಯುವವನಿಗೂ ಗೊತ್ತು, ಅಳೆಸಿಕೊಳ್ಳುವವನಿಗೂ ಗೊತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಗೇಣಿಯೇ ಬೇಡ ಎಂದು ಶುರುಮಾಡಲಿಲ್ಲ, ಸರಿಯಾದ ಕೊಳಗದಲ್ಲಿ ಅಳೆಯುತ್ತೇವೆ ಎಂದಿತು. ಇಷ್ಟು ಸಣ್ಣ ಮಾತಿಗೆ ಒಡೆಯರು ಒಪ್ಪಲಿಲ್ಲ, ಉಳುವುದಕ್ಕೆ ಗದ್ದೆಯನ್ನೇ ಬಿಡಲಿಲ್ಲ. ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದರು, ಜೈಲು ತುಂಬಿತು, ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಈ ಘಟನೆಯನ್ನು ಸಾಮಾನ್ಯವಾಗಿ ಭೂಸುಧಾರಣೆಯ ಕಥೆಯ ಮೊದಲ ಅಧ್ಯಾಯವೆಂದು ಓದುತ್ತೇವೆ. ಕೊಳಗ ಅಲ್ಲಿ ಬರೀ ನೆಪವಾಗಿಬಿಡುತ್ತದೆ. ನನ್ನ ವಾದ ತಿರುವುಮುರುವು: ಕೊಳಗ ನೆಪವಲ್ಲ, ಅದೇ ವಿಷಯ. ರೈತ ದಂಗೆಗಳ ಚರಿತ್ರೆಯಲ್ಲಿ ಜನ ಎದ್ದಿರುವುದು ತಮ್ಮಿಂದ ಹೆಚ್ಚು ಕಿತ್ತುಕೊಂಡಾಗ ಎನ್ನುವುದಕ್ಕಿಂತ, ಎಷ್ಟು ಕಿತ್ತುಕೊಂಡರೆಂದು ಅಳೆಯುವ ಸಾಧನವೇ ಸುಳ್ಳಾದಾಗ.

ಹಸಿವೇ ದಂಗೆಯ ತಾಯಿ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಅದಕ್ಕೆ ಪುರಾವೆ ಕೇಳುವವರೇ ಇಲ್ಲ. ಕೇಳಿ ನೋಡಬೇಕು. 1876-78ರ ಬರದಲ್ಲಿ ಮೈಸೂರು ಸಂಸ್ಥಾನ ಕಂಡದ್ದು ನಮ್ಮ ನೆಲದ ನೆನಪಿನಲ್ಲೇ ದೊಡ್ಡ ಹಸಿವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದ ಜನ 1881ರ ಹೊತ್ತಿಗೆ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದರು. ಅಷ್ಟು ಹೆಣ ಬಿದ್ದ ನಾಡಿನಲ್ಲಿ ದಂಗೆಯೆಂದು ಹೆಸರಿಟ್ಟು ಕರೆಯುವಂಥದ್ದು ಏಳಲಿಲ್ಲ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಕಲ್ಕತ್ತೆಯ ಬೀದಿಗಳಲ್ಲಿ ಗಂಜಿಯ ತಿಳಿ ಬೇಡುತ್ತಾ ಸತ್ತರು, ಉಗ್ರಾಣಗಳ ಬೀಗ ಒಡೆದದ್ದು ಕಡಿಮೆ. ಹಸಿದವನಿಗೆ ಬಡಿದಾಡುವ ತ್ರಾಣ ಎಲ್ಲಿಂದ ಬರಬೇಕು ಎನ್ನಬಹುದು. ನಿಜವೇ. ಆದರೆ ತ್ರಾಣ ಉಡುಗುವುದಕ್ಕೆ ಮೊದಲು ತಿಂಗಳುಗಳ ಕಾಲವಿರುತ್ತದೆ, ಆ ತಿಂಗಳುಗಳಲ್ಲೂ ನಾಡು ಸುಮ್ಮನಿತ್ತು. ಅದೇ ಬಂಗಾಳ ಎದ್ದದ್ದು ಮೂರು ವರ್ಷದ ಮೇಲೆ, 1946ರ ಸುಗ್ಗಿಯಲ್ಲಿ, ಗದ್ದೆಯಲ್ಲಿ ಭತ್ತ ತುಂಬಿದ್ದಾಗ. ತೆಭಾಗ ಚಳವಳಿಯ ಬೇಡಿಕೆ ಬೆಳೆಯಲ್ಲಿ ಅರ್ಧದ ಬದಲು ಮೂರರಲ್ಲಿ ಎರಡು ಪಾಲು. ಆದರೆ ಲಾಠಿ ಮೇಲೆದ್ದದ್ದು ಇನ್ನೊಂದು ಮಾತಿಗೆ: ಕೊಯ್ದ ಪೈರನ್ನು ಜಮೀನಿನ ಒಡೆಯ ಜೋತೆದಾರನ ಕಣಕ್ಕೆ ಒಯ್ಯುವುದಿಲ್ಲ, ನಮ್ಮ ಕಣದಲ್ಲೇ ಒಟ್ಟುತ್ತೇವೆ. ಕಣ ಯಾರದೋ ಲೆಕ್ಕ ಅವನದು, ಇದು ಬೇಸಾಯಗಾರನಿಗೆ ಯಾವ ಸಿದ್ಧಾಂತಿಯೂ ಹೇಳಿಕೊಡಬೇಕಾದ ವಿಷಯವಲ್ಲ.

ಅಳತೆಯ ವಿಷಯ ಪೇಟೆಯವರಿಗೆ ಪುಟ್ಟದಾಗಿ ಕಾಣುವುದು ಸಹಜ, ಕಿಲೋ ಎಂದರೆ ಎಲ್ಲೆಲ್ಲೂ ಕಿಲೋ ಎಂಬ ಕಾಲದಲ್ಲಿ ಹುಟ್ಟಿದವರು ನಾವು. ಹಳೆಯ ಕಣದಲ್ಲಿ ಕೊಳಗ ಒಂದೇ ಇದ್ದರೂ ಅಳತೆ ಹತ್ತು ಬಗೆ. ರಾಶಿ ಮೇಲೇಳುವಂತೆ ತುಂಬಬಹುದು, ಬಾಯಿಗೆ ಸಮನಾಗಿ ಸವರಬಹುದು; ಸವರುವ ಕೋಲು ನೇರವೋ ಡೊಂಕೋ ಎಂಬುದರಲ್ಲೂ ಹಿಡಿ ಕಾಳಿನ ವ್ಯತ್ಯಾಸ. ಕಾಳನ್ನು ಸೊಂಟದೆತ್ತರದಿಂದ ಸುರಿದರೆ ಸಡಿಲ, ಹೆಗಲೆತ್ತರದಿಂದ ಸುರಿದರೆ ಅದುಮಿಕೊಂಡು ಕೂರುತ್ತದೆ. ಅಳತೆಗಳ ಚರಿತ್ರೆ ಬರೆದ ಪೋಲೆಂಡಿನ ವಿಟೋಲ್ಡ್ ಕೂಲಾ ಇಂಥ ಚಳಕಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ನಮ್ಮ ಕಣದಲ್ಲಿ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯಿತ್ತು. ಮೌನವಾಗಿ ಅಲ್ಲ, ಎಲ್ಲರ ಕಿವಿಗೂ ಬೀಳುವಂತೆ. ಓದುಬರಹ ಇಲ್ಲದವನ ಪಾಲಿಗೆ ಆ ಕೂಗೇ ಪಹಣಿ, ಆ ಕೊಳಗವೇ ಕರಾರು ಪತ್ರ. ಒಡೆಯ ಗೇಣಿಯನ್ನು ಹತ್ತು ಕೊಳಗದಿಂದ ಹನ್ನೆರಡಕ್ಕೆ ಏರಿಸಿದರೆ ಅದು ಬಹಿರಂಗದ ದಬ್ಬಾಳಿಕೆ. ಅತ್ತು ಕರೆದು ಚೌಕಾಶಿ ಮಾಡಿ ಹನ್ನೊಂದಕ್ಕೆ ತರಬಹುದು. ಹತ್ತನ್ನು ಹತ್ತೇ ಇಟ್ಟುಕೊಂಡು ಕೊಳಗವನ್ನು ದೊಡ್ಡದು ಮಾಡಿದರೆ ಚೌಕಾಶಿಯ ಭಾಷೆಯೇ ಕೆಟ್ಟುಹೋಗುತ್ತದೆ. ಸಂತಾಲರ ನಾಡಿಗೆ ಬಂದ ವ್ಯಾಪಾರಿಗಳು ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ತೂಕ ಇಟ್ಟುಕೊಂಡಿದ್ದರು. ಕೊಳ್ಳುವ ದೊಡ್ಡದಕ್ಕೆ ಕೇನಾರಾಮ್, ಮಾರುವ ಚಿಕ್ಕದಕ್ಕೆ ಬೇಚಾರಾಮ್ ಎಂದು ಹೆಸರಿತ್ತು. ಮೋಸಕ್ಕೆ ದೇವರ ಹೆಸರಿಟ್ಟು ಎದುರಿಗೇ ಕರೆಯುವಷ್ಟು ನಿರ್ಭಯ. 1855ರ ಜೂನ್ 30ರಂದು ಭೋಗನಾಡೀಹದಲ್ಲಿ ಸಂತಾಲ ನಾಯಕರಾದ ಸಿದು, ಕಾನುವಿನ ಕರೆಗೆ ಸಾವಿರಾರು ಜನ ಸೇರಿದಾಗ ಅವರ ಸಿಟ್ಟಿನ ಹಿಂದೆ ಸಾಲ, ಜಮೀನ್ದಾರಿ, ಪೊಲೀಸರ ಕಾಟ ಎಲ್ಲ ಇತ್ತು; ಆ ಎರಡು ರಾಮರೂ ಇದ್ದರು.

ದಂಗೆಕೋರರು ಕಾಗದ ಸುಡುವುದನ್ನು ಕಂಡು ಪಂಡಿತರು ಹಿಂದಿನಿಂದಲೂ ಮುಖ ಸಿಂಡರಿಸಿದ್ದಾರೆ. 1381ರ ಇಂಗ್ಲೆಂಡಿನಲ್ಲಿ ತಲೆಗೆ ಹನ್ನೆರಡು ಪೆನ್ನಿ ತೆರಿಗೆ, ಧಣಿಗೂ ಅಷ್ಟೇ, ಅವನ ಆಳಿಗೂ ಅಷ್ಟೇ. ಜನ ಎದ್ದು ಮಾಡಿದ ಮೊದಲ ಕೆಲಸಗಳಲ್ಲಿ ಜಹಗೀರಿನ ನ್ಯಾಯಾಲಯದ ಸುರುಳಿಗಳನ್ನು ಬೀದಿಗೆ ತಂದು ಬೆಂಕಿಗೆ ಹಾಕುವುದೂ ಒಂದು. ಲಂಡನ್ನಿನ ಸವಾಯ್ ಅರಮನೆಯನ್ನು ಹಾಳುಗೆಡವಿದಾಗ ಬೆಳ್ಳಿ ಕದ್ದವನೊಬ್ಬನನ್ನು ಸಂಗಡಿಗರೇ ಬೆಂಕಿಗೆ ನೂಕಿದರೆಂದು ಆ ಕಾಲದ ವೃತ್ತಾಂತಕಾರರು ಬರೆದಿದ್ದಾರೆ. ಬರೆದವರು ದಂಗೆಯ ಮಿತ್ರರಲ್ಲ, ಹಾಗಾಗಿ ಆ ಮಾತಿಗೆ ಬೆಲೆ ಕೊಡಬಹುದು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಸಾಹುಕಾರರ ಮೇಲೆ ಬಿದ್ದ ಕುಣಬಿಗಳು ಕೇಳಿದ್ದು ಸಾಲಪತ್ರ ಮತ್ತು ಲೆಕ್ಕದ ಪುಸ್ತಕ. ಕೊಟ್ಟ ಕಡೆ ಮೈಮುಟ್ಟಿದ್ದು ಕಡಿಮೆ, ತಡೆದ ಕಡೆ ಮನೆಗೆ ಬೆಂಕಿ. ಇದು ಅಕ್ಷರದ್ವೇಷವಲ್ಲ. ಅಸಲೆಷ್ಟು ಬಡ್ಡಿಯೆಷ್ಟು ಎಂದು ಓದಲಾರದವನ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವೂ ದೊಡ್ಡ ಕೊಳಗವೇ. ಸರಿಯಾದ ಗುರಿಗೇ ಬಿದ್ದ ಬೆಂಕಿ ಅದು. ನಾಲ್ಕು ವರ್ಷದ ಮೇಲೆ, 1879ರಲ್ಲಿ, ಸರ್ಕಾರವೇ ದಖ್ಖನಿನ ಬೇಸಾಯಗಾರರಿಗೆ ಪರಿಹಾರ ಕಾಯಿದೆ ತಂದು ಆ ಪತ್ರಗಳ ಹಿಂದಿನ ಲೆಕ್ಕವನ್ನು ಕೋರ್ಟು ಕೆದಕಿ ನೋಡಲು ದಾರಿ ಮಾಡಿತು.

ಇನ್ನು ನಮ್ಮದೇ ನಗರ ದಂಗೆ. 1830-31ರಲ್ಲಿ ಮೈಸೂರಿನ ಮಲೆನಾಡು ಭಾಗ ಹೊತ್ತಿಕೊಂಡಾಗ ರೈತರು ಊರುಬಿಟ್ಟು ಕೂಟ ಕಟ್ಟಿದರು, ಕಂದಾಯ ನಿಲ್ಲಿಸಿದರು. ಮುಮ್ಮಡಿ ಕೃಷ್ಣರಾಜರ ಆಡಳಿತದಲ್ಲಿ ಅಮಲ್ದಾರಿಕೆ ಶರತ್ತಿನ ಮೇಲೆ ನಡೆಯುತ್ತಿತ್ತು. ಅಮಲ್ದಾರ ಹಿಂದಿನ ವರ್ಷಕ್ಕಿಂತ ಹೆಚ್ಚು ಹಣ ತರುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚಾದರೆ ಅದೂ ಸರ್ಕಾರಕ್ಕೆ. ಅದೇ ಮುಚ್ಚಳಿಕೆಯಲ್ಲಿ ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ ಎಂಬ ಸಾಲುಗಳೂ ಇರುತ್ತಿದ್ದವು! ಪೀಡಿಸಿದ ಎಂಬ ದೂರು ಬಂದರೆ ಇವನು ತನಗಾಗಿಯೂ ವಸೂಲು ಮಾಡಿಕೊಂಡಿದ್ದಾನೆ ಎಂಬುದಕ್ಕೆ ಅದು ಸಾಕ್ಷಿ, ಆ ಹಣವನ್ನು ಅವನಿಂದ ಕಕ್ಕಿಸುವುದಕ್ಕೆ ದಾರಿ. ರೈತನಿಗೆ ಏನೂ ಹಿಂದಿರುಗುತ್ತಿರಲಿಲ್ಲ. ಬೆಳೆಯಲ್ಲೇ ಪಾಲು ಕೊಡುವ ಬಟಾಯಿ ಇದ್ದ ಕಡೆ, ಸರ್ಕಾರದ ಪಾಲು ಅಳೆಯುವ ತನಕ ಬೆಳೆದವನು ತನ್ನ ರಾಶಿಯನ್ನು ಮುಟ್ಟುವಂತಿಲ್ಲ. ಅಳೆಯುವವನು ಬರುವುದು ತಡವಾದಷ್ಟೂ ಅವನ ಕೈ ಬೆಚ್ಚಗೆ ಮಾಡಬೇಕು. ಮುಂದೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ರದ್ದು ಮಾಡಿದ ಚಿಲ್ಲರೆ ತೆರಿಗೆಗಳ ಲೆಕ್ಕ 769. ಮದುವೆಗೆ, ಹೆರಿಗೆಗೆ, ಮಗುವಿಗೆ ಹೆಸರಿಡುವುದಕ್ಕೆ ತೆರಿಗೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನು ತೆರಬೇಕಾದ ತೆರಿಗೆಯೂ ಆ ಪಟ್ಟಿಯಲ್ಲಿದೆ. ಇವುಗಳಲ್ಲಿ ಹಲವು ಕಾಸಿನಷ್ಟೂ ಭಾರವಾಗಿರಲಿಕ್ಕಿಲ್ಲ. ಆದರೆ ಎಷ್ಟು, ಯಾವಾಗ, ಯಾಕೆ ಎಂದು ಮೊದಲೇ ಹೇಳಲಾಗದ ತೆರಿಗೆ ಸಣ್ಣದಾದರೂ ಬಾಳನ್ನೇ ಲೆಕ್ಕಕ್ಕೆ ಸಿಗದಂತೆ ಮಾಡುತ್ತದೆ. ಬ್ರಿಟಿಷರು ನೇಮಿಸಿದ ನಾಲ್ವರ ಸಮಿತಿ 1833ರ ವರದಿಯಲ್ಲಿ ದೋಷವನ್ನು ಅರಮನೆಯ ಆಡಳಿತದ ಮೇಲೆ ಹೊರಿಸಿತು. ಅರಮನೆಯ ತಲೆಯ ಮೇಲೆ ಕಂಪನಿಗೆ ವರ್ಷವರ್ಷವೂ ತೆರಬೇಕಾದ ಏಳು ಲಕ್ಷ ವರಹದ ಪೊಗದಿ ಕೂತಿತ್ತಲ್ಲ, ಅದನ್ನು ತೂಗುವ ತಕ್ಕಡಿ ಸಮಿತಿಯ ಬಳಿ ಇರಲಿಲ್ಲವೋ ಏನೋ.

ಈ ವಾದಕ್ಕೆ ಮೊದಲ ಆಕ್ಷೇಪ ಎಡಪಂಥೀಯ ಮಿತ್ರರದು. ಸರಿಯಾದ ಕೊಳಗ ಕೇಳುವುದೆಂದರೆ ಗೇಣಿ ಪದ್ಧತಿಯನ್ನೇ ಒಪ್ಪಿಕೊಂಡಂತಲ್ಲವೆ? ಒಳ್ಳೆಯ ಒಡೆಯನಿಗಾಗಿ ಹಂಬಲಿಸುವವರು ಯಾವ ಸೀಮೆಯ ಕ್ರಾಂತಿಕಾರರು? ಈ ಆಕ್ಷೇಪದಲ್ಲಿ ತೂಕವಿದೆ. ನಗರದಲ್ಲಿ ಕೂಟ ಕಟ್ಟಿದವರೇ ಹಳೆಯ ಕೆಳದಿ ಮನೆತನದ ವಾರಸುದಾರ ತಾನೆಂದ ಬೂದಿ ಬಸವಪ್ಪನ ಬೆನ್ನಿಗೆ ಹೋದರು, ಇಂಗ್ಲೆಂಡಿನ ದಂಗೆಕೋರರು ಹುಡುಗ ರಾಜನನ್ನು ನಂಬಿ ಕೆಟ್ಟರು. ಆದರೂ ಆಕ್ಷೇಪ ಎತ್ತುವವರು ಬೇಡಿಕೆಯ ಪದಗಳನ್ನು ನೋಡುತ್ತಾರೆ, ಅದರ ನಡೆಯನ್ನು ನೋಡುವುದಿಲ್ಲ. ಈ ಕೊಳಗ ಸರಿಯಿಲ್ಲ ಎಂದವನಿಗೆ ಮರುಕ್ಷಣ ಬರುವ ಪ್ರಶ್ನೆ, ಹಾಗಾದರೆ ಸರಿಯೆಂದು ಹೇಳುವವರು ಯಾರು? ಅದಕ್ಕೆ ಉತ್ತರ ಸಿಕ್ಕಿದರೆ ಮುಂದಿನದು, ಅಳೆಯಬೇಕಾದ್ದಾದರೂ ಯಾಕೆ? ಕಾಗೋಡು ಈ ಮೆಟ್ಟಿಲುಗಳನ್ನು ಕೆಲವೇ ತಿಂಗಳಲ್ಲಿ ಹತ್ತಿತು. ಕರ್ನಾಟಕದ ಕಾನೂನು ಅದೇ ಮೆಟ್ಟಿಲು ಹತ್ತಿ ಗೇಣಿದಾರನಿಗೇ ಭೂಮಿ ಎನ್ನುವಷ್ಟರಲ್ಲಿ 1974 ಬಂದಿತ್ತು. 1525ರಲ್ಲಿ ಜರ್ಮನಿಯ ರೈತರು ಮೆಮ್ಮಿಂಗನ್ನಿನಲ್ಲಿ ಬರೆದ ಹನ್ನೆರಡು ಅಂಶಗಳಲ್ಲೂ ಇದೇ ನಡೆ: ಧಾನ್ಯದ ದಶಾಂಶ ಕೊಡುತ್ತೇವೆ, ಆದರೆ ನಾವು ಆರಿಸಿದವರು ಅದನ್ನು ಕೂಡಿಸಿ ಹಂಚಲಿ ಎನ್ನುತ್ತದೆ ಎರಡನೆಯ ಅಂಶ, ನಾವು ಯಾರ ಸ್ವತ್ತೂ ಅಲ್ಲ ಎನ್ನುತ್ತದೆ ಮೂರನೆಯದು.

ಎರಡನೆಯ ಆಕ್ಷೇಪ ಇನ್ನೂ ಹರಿತ. ರೈತರು ನೆನೆಯುವ ಆ ನ್ಯಾಯವಾದ ಹಳೆಯ ಕೊಳಗ ಯಾವ ಕಾಲದಲ್ಲಿತ್ತು? ಮಾಮೂಲು, ಪದ್ಧತಿ ಎಂಬುದೆಲ್ಲ ಬಲಶಾಲಿಯ ಕೈಯಲ್ಲೇ ಬೆಳೆದದ್ದು. ಕಣದಲ್ಲಿ ಆಯ ಪಡೆಯುವವರ ಸಾಲಿನಲ್ಲಿ ಹೊಲೆಯ ಮಾದಿಗರಿಗೆ ಕೊನೆಗೆ ಬೀಳುತ್ತಿದ್ದ ಮೊರದ ಕಾಳಿಗೆ ಯಾವ ಮುದ್ರೆಯ ಕೊಳಗವಿತ್ತು? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹಳೆಯ ಕೊಳಗ ಬಹುಮಟ್ಟಿಗೆ ಕಲ್ಪನೆಯೇ ಇರಬಹುದು, ಮತ್ತು ಗೇಣಿದಾರ ಎದ್ದಾಗ ಅವನ ಹೊಲದ ಕೂಲಿಯವನು ಎದ್ದನೆಂದು ಲೆಕ್ಕಕ್ಕೆ ಹಿಡಿಯುವುದು ತಪ್ಪು. 1974ರ ಕಾನೂನಿನ ಬಹುಪಾಲು ಫಲ ಗೇಣಿ ಚೀಟಿಯಿದ್ದವರಿಗೆ ದಕ್ಕಿತು, ಕೂಲಿಯವರಿಗಲ್ಲ. ಆದರೆ ಇದು ವಾದವನ್ನು ಉರುಳಿಸುವುದಿಲ್ಲ, ಇನ್ನೊಂದು ಕಡೆಯಿಂದ ಗಟ್ಟಿ ಮಾಡುತ್ತದೆ: ಯಾರ ಪಾಲಿಗೆ ಅಳತೆಯೇ ಇರಲಿಲ್ಲವೋ, ಕೊಟ್ಟಷ್ಟು ಎಂಬುದೇ ಪದ್ಧತಿಯಾಗಿತ್ತೋ, ಅವರ ದಂಗೆಗಳು ನಮ್ಮ ದಾಖಲೆಗಳಲ್ಲಿ ಅಷ್ಟೇ ವಿರಳ. ಮೋಸವಾಯಿತು ಎನ್ನಲು ಮೊದಲು ಒಂದು ಮಾತಾದರೂ ಆಗಿರಬೇಕು.

ನರಗುಂದ, ನವಲಗುಂದದಲ್ಲಿ 1980ರ ಜುಲೈ 21ರಂದು ಗುಂಡು ಹಾರಿದ್ದು ಬರಗಾಲದಲ್ಲಲ್ಲ. ಮಲಪ್ರಭೆಯ ಕಾಲುವೆ ಬಂದಿತ್ತು. ನೀರಿನಿಂದ ಜಮೀನಿನ ಬೆಲೆ ಏರಿತೆಂದು ಬೆಟರ್‌ಮೆಂಟ್ ಲೆವಿ ಹಾಕಿದ್ದರು, ನೀರು ಸರಿಯಾಗಿ ಹರಿಯದ ಹೊಲಕ್ಕೂ ಬೇಡಿಕೆ ಬಂದಿತ್ತು. ಏರಿದ್ದನ್ನು ಅಳೆದವರು ಕಚೇರಿಯಲ್ಲಿದ್ದರು. ಇವತ್ತು ಕಬ್ಬಿನ ಸೀಮೆಯಲ್ಲಿ ದರಕ್ಕಾಗಿ ರಸ್ತೆಗಿಳಿಯುವವರ ಬೇಡಿಕೆ ಪಟ್ಟಿಯಲ್ಲಿ ದರದ ಕೆಳಗೇ ಇನ್ನೊಂದು ಸಾಲು ಇರುತ್ತದೆ: ಕಾರ್ಖಾನೆಯ ಹೊರಗೆ ಸರ್ಕಾರದ ವೇಬ್ರಿಜ್ ಬೇಕು. ಟಿವಿಯವರು ದರದ ಅಂಕಿಯನ್ನಷ್ಟೇ ತೋರಿಸುತ್ತಾರೆ. ತೂಕವಾದರೂ ಟ್ರ್ಯಾಕ್ಟರಿನ ಮೇಲೆ ಕಣ್ಣಿಗೆ ಕಾಣುವಂಥದ್ದು, ಬೇರೆ ಕಡೆ ತೂಗಿಸಿಕೊಂಡು ಬಂದು ಹೋಲಿಸಬಹುದು. ಕಬ್ಬಿನ ಬೆಲೆ ನಿಂತಿರುವುದು ಸಕ್ಕರೆಯ ಇಳುವರಿಯ ಮೇಲೂ; ಆ ಇಳುವರಿಯನ್ನು ಲೆಕ್ಕ ಹಾಕುವುದು ಕಾರ್ಖಾನೆಯ ಒಳಗೆ, ಕಾರ್ಖಾನೆಯದೇ ಪ್ರಯೋಗಾಲಯದಲ್ಲಿ, ಗೇಟಿನ ಹೊರಗೆ ಸಾಲಾಗಿ ನಿಂತ ಗಾಡಿಗಳಿಂದ ಅದು ಕಾಣುವುದಿಲ್ಲ.